ಒಂದು ಕಂಚಿನ ಚಕ್ರ, ಇಬ್ಬರು ಪ್ರಯಾಣಿಕರು

ಹೂವಿನಹಡಗಲಿ

ಇಂಗ್ಲೆಂಡಿಗೆ ಹೋಗಿ ಬಂದ ಮೇಲೆ ನನ್ನನ್ನು ಕಂಡವರೆಲ್ಲ ಲಂಡನ್ನಿನ ಗಡಿಯಾರದ ಗೋಪುರವನ್ನೂ ರಾಣಿಯ ಅರಮನೆಯನ್ನೂ ಕುರಿತು ಕೇಳುತ್ತಾರೆ. ಅವೆರಡನ್ನೂ ನಾನು ನೋಡಲಿಲ್ಲ. ನಾನು ನೋಡಿ ಬಂದದ್ದು ಅಂಗೈ ಅಗಲದ ಒಂದು ಕಂಚಿನ ಹಲ್ಲುಚಕ್ರವನ್ನು. ಹೋದದ್ದೂ ಅದಕ್ಕಾಗಿಯೇ. ನನ್ನ ಜೊತೆಗೆ ಬಂದವನೂ ಅದಕ್ಕಾಗಿಯೇ ಬಂದಿದ್ದ. ಚಕ್ರವಾದರೋ ಒಂದೇ ಇತ್ತು. ಆದುದರಿಂದ ಈ ಬರಹದಲ್ಲಿ ದೇಶದ ವರ್ಣನೆಗಿಂತ ಹೊಟ್ಟೆಯುರಿಯ ವರ್ಣನೆಯೇ ಹೆಚ್ಚಾಗಿ ಕಂಡರೆ ಓದುಗರು ಮನ್ನಿಸಬೇಕು.

ಜೊತೆಗೆ ಬಂದವನು ನನ್ನ ಹೆಂಡತಿ ಕೊಟ್ರಮ್ಮನ ತಮ್ಮ, ಹರಪನಹಳ್ಳಿಯಲ್ಲಿ ಕಾಳುಕಡ್ಡಿಯ ವ್ಯಾಪಾರ ಮಾಡುವ ಚನ್ನಬಸಪ್ಪ. ಅಕ್ಕನ ಗಂಡನಾದ ನನ್ನನ್ನು ನಮ್ಮ ಸೀಮೆಯ ವಾಡಿಕೆಯಂತೆ ಅವನು ಮಾವ ಎಂದು ಕರೆಯುತ್ತಾನೆ. ನಾನು ಹಡಗಲಿಯ ಶಾಲೆಯೊಂದರಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದವನು. ಊರಿನ ಹೊರಗೆ ನನಗೊಂದು ಮಲ್ಲಿಗೆ ತೋಟವಿದೆ. ಆ ತೋಟದಲ್ಲಿ ಒಂದು ಮರಿಗಾಡಿ ಇದೆ. ಮರಿಗಾಡಿ ಎಂಬುದು ನಾವು ಇಟ್ಟ ಹೆಸರು. ಅದನ್ನು ಮಾಡಿದ ದೇಶದವರು ಕೈತೋಟದ ಟ್ರ್ಯಾಕ್ಟರ್ ಎನ್ನುತ್ತಾರೆ. ನನ್ನ ಸೊಂಟದೆತ್ತರಕ್ಕೆ ಬರುತ್ತದೆ. ಮೇಲೆ ಕುಳಿತು ನಡೆಸುವ ಒಂದು ಕಬ್ಬಿಣದ ಪೀಠ, ಮುಂದೆ ಒಂದು ಸಣ್ಣ ಇಂಜಿನ್, ಹಿಂದೆ ಕುಂಟೆ. ಎತ್ತಿನ ಜೋಡಿ ನುಗ್ಗಲಾರದ ಮಲ್ಲಿಗೆಯ ಸಾಲುಗಳ ನಡುವೆ ಅದು ಒಂದು ಎಲೆಯನ್ನೂ ಮುರಿಯದೆ ಹೋಗಿ ಬರುತ್ತಿತ್ತು.

ತುಂಗಭದ್ರೆಗೆ ಅಣೆಕಟ್ಟೆ ಕಟ್ಟುತ್ತಿದ್ದ ಕಾಲದಲ್ಲಿ ಹಂಪಸಾಗರದ ಕಡೆ ಬಂಗಲೆ ಮಾಡಿಕೊಂಡಿದ್ದ ಒಬ್ಬ ಬಿಳಿಯ ಇಂಜಿನಿಯರು ತನ್ನ ತೋಟಕ್ಕೆಂದು ಇಂತಹ ಎರಡು ಗಾಡಿಗಳನ್ನು ಹಡಗಿನಲ್ಲಿ ತರಿಸಿದ್ದನಂತೆ. ಊರು ಬಿಡುವಾಗ ಎರಡನ್ನೂ ಕೊಟ್ರಮ್ಮನ ತಂದೆಗೆ ಬಿಟ್ಟು ಹೋದ. ಅವರು ಮಗಳ ಮದುವೆಯಲ್ಲಿ ಒಂದನ್ನು ನನಗೆ ಕೊಟ್ಟು, ಇನ್ನೊಂದನ್ನು ಮಗನಿಗೆ ಉಳಿಸಿಕೊಂಡರು. ಎರಡರಲ್ಲಿ ಹೆಚ್ಚು ಸವೆದದ್ದು ನನ್ನ ಪಾಲಿಗೆ ಬಂದಿತೆಂಬ ಗುಮಾನಿ ನನಗೆ ಮದುವೆಯ ಹಂದರದಲ್ಲೇ ಹುಟ್ಟಿತ್ತು. ಅದನ್ನು ಇಲ್ಲಿಯವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ.

ಈ ಗಾಡಿಯ ದುರ್ಬಲ ಅಂಗವೆಂದರೆ ಇಂಜಿನ್ನಿನ ಓಟವನ್ನು ತಗ್ಗಿಸಿ ಹಿಂದಿನ ಗಾಲಿಗಳಿಗೆ ಮುಟ್ಟಿಸುವ ಕಂಚಿನ ಹಲ್ಲುಚಕ್ರ. ಅದು ಸವೆದರೆ ಇಂಜಿನ್ನು ಕೂಗುತ್ತದೆ, ಗಾಡಿ ಕದಲುವುದಿಲ್ಲ. ನನ್ನದೂ ಸವೆಯಿತು, ಚನ್ನಬಸಪ್ಪನದೂ ಸವೆಯಿತು. ದಾವಣಗೆರೆಯಲ್ಲಿ ಎರಕ ಹೊಯ್ಯಿಸಿ, ಲೇತಿನಲ್ಲಿ ಹಲ್ಲು ಕಡೆಸಿ ತಂದು ಹಾಕಿದೆ. ಒಂದು ಹಂಗಾಮು ಮುಗಿಯುವಷ್ಟರಲ್ಲಿ ಆ ಚಕ್ರ ಹಲ್ಲುದುರಿದ ನನ್ನ ಬಾಯಿಯಂತಾಗಿತ್ತು. ಚನ್ನಬಸಪ್ಪ ಅಷ್ಟೂ ಮಾಡಲಿಲ್ಲ. ತನ್ನ ಗಾಡಿಯನ್ನು ದನದ ಕೊಟ್ಟಿಗೆಗೆ ತಳ್ಳಿ, ಮೇಲೆ ಮೇವು ಒಟ್ಟಿಬಿಟ್ಟ.

ನಾನು ಮಾತ್ರ ಓಡದ ಗಾಡಿಗೂ ಮಹಾನವಮಿಯ ಆಯುಧಪೂಜೆಯನ್ನು ತಪ್ಪಿಸಿದವನಲ್ಲ. ಅಂತಹ ಒಂದು ಪೂಜೆಯ ದಿನ, ಹಂಪಿ ನೋಡಲು ಬಂದಿದ್ದ ಬಿಳಿಯ ದಂಪತಿಗಳ ಕಾರು ನನ್ನ ತೋಟದ ಎದುರಿಗೆ ಪಂಕ್ಚರ್ ಆಯಿತು. ಅವರು ವಿಭೂತಿ, ಕುಂಕುಮ, ಮಲ್ಲಿಗೆ ಮಾಲೆ ಧರಿಸಿದ್ದ ನನ್ನ ಗಾಡಿಯ ಚಿತ್ರ ತೆಗೆದುಕೊಂಡರು. ಅದು ಕೈಯಿಂದ ಕೈಗೆ ಹೋಗಿ, ಇಂಗ್ಲೆಂಡಿನ ಪೂರ್ವಭಾಗದ ಒಂದು ಹಳ್ಳಿಯಲ್ಲಿ ಇಂತಹವೇ ಹಳೆಯ ಗಾಡಿಗಳನ್ನು ರಿಪೇರಿ ಮಾಡಿ ಸಾಕುವ ಹೆರಾಲ್ಡ್ ಎಂಬ ವೃದ್ಧರನ್ನು ತಲುಪಿತು. ಅವರು ಪತ್ರ ಬರೆದರು. ಆ ಜಾತಿಯ ಚಕ್ರ ತಮ್ಮ ಬಳಿ ಒಂದು ಉಳಿದಿದೆ; ಇಂತಹ ಗಾಡಿ ಸಾಕುವವರ ವರ್ಷದ ಕೂಟಕ್ಕೆ ಗಾಡಿಯ ಒಡೆಯರು ಬರಬೇಕು; ಬಂದು ಹೋಗುವ ಏರ್ಪಾಡನ್ನು ಕೂಟದವರು ನೋಡಿಕೊಳ್ಳುತ್ತಾರೆ.

ಉತ್ತರ ಬರೆಯುವಾಗ ಜೋಡಿಯ ಇನ್ನೊಂದು ಗಾಡಿಯ ವಿಷಯವನ್ನು ಬಿಟ್ಟಿದ್ದೆ. ಕೊಟ್ರಮ್ಮ ಓದಿಸಿ ಕೇಳಿದಳು.

"ನಮ್ಮ ತಮ್ಮನ ಗಾಡಿ ಎಲ್ಲಿ ಹೋತು ಇದ್ರಾಗ?"

ಸೇರಿಸಿದೆ. ಹೀಗೆ ಇಬ್ಬರಾದೆವು.

ಆಕಾಶಮಾರ್ಗ

ಇಷ್ಟಲಿಂಗ ಪೂಜೆಯಾಗದೆ ನಾನು ನೀರನ್ನೂ ಮುಟ್ಟುವುದಿಲ್ಲ. ವಿಮಾನದಲ್ಲಿ ಸ್ನಾನವೆಲ್ಲಿಯದು? ಒದ್ದೆಯ ವಸ್ತ್ರದಿಂದ ಮೈ ಒರೆಸಿಕೊಂಡು, ಕುಳಿತಲ್ಲೇ ಎಡಗೈಯ ಮೇಲೆ ಲಿಂಗವನ್ನಿರಿಸಿ, ಮನೆಯಿಂದ ತಂದ ಒಣ ಬಿಲ್ವಪತ್ರೆ ಏರಿಸಿ ಕಣ್ಣು ಮುಚ್ಚಿದೆ. ತೆರೆದು ನೋಡಿದರೆ ಪಕ್ಕದಲ್ಲಿ ಚನ್ನಬಸಪ್ಪ ಆಗಲೇ ಎರಡನೆಯ ತಟ್ಟೆಗೆ ಕೈ ಹಾಕಿದ್ದ.

"ಪೂಜಿ ಮಾಡಿದೇನೋ?"

"ಮಾಡಿದೆ ಮಾವ. ನಿಮ್ಮಷ್ಟು ಉದ್ದ ಮಾಡಲಿಲ್ಲ. ಇಷ್ಟು ಎತ್ತರಕ್ಕ ಬಂದೀವಲ್ಲ, ಶಿವಗ ಲಗೂನ ಕೇಳಸ್ತೈತಿ."

ಊಟ ಬಡಿಸುವ ಹುಡುಗಿಗೆ ಅವನು ಕೈಸನ್ನೆಯಲ್ಲೇ ತಾನು ಸಸ್ಯಾಹಾರಿಯೆಂದೂ, ತನ್ನ ಮಾವ ದೊಡ್ಡ ಪಂಡಿತರೆಂದೂ, ಅವರಿಗೆ ಬಿಸಿ ಹಾಲು ಬೇಕೆಂದೂ ತಿಳಿಸಿದ್ದ. ಅವಳು ನಗುತ್ತ ಹಾಲು ತಂದು ಅವನ ಕೈಗೇ ಕೊಟ್ಟಳು. ಆಮೇಲೆ ಅವನು ಸಮುದ್ರ ದಾಟುವವರೆಗೂ ನಿದ್ದೆ ಹೋದ. ನನಗೆ ನಿದ್ದೆ ಬರಲಿಲ್ಲ. ಅವನ ಗೊರಕೆಯನ್ನು ಕೇಳುತ್ತ, ಈ ಮನುಷ್ಯನಿಗೆ ಆ ಚಕ್ರವಾದರೂ ಏತಕ್ಕೆ ಬೇಕು ಎಂದು ಯೋಚಿಸುತ್ತಿದ್ದೆ.

ಹೆರಾಲ್ಡರ ಮನೆ

ಆ ಹಳ್ಳಿಯ ನೆಲ ಹಾಸಿದ ಚಾಪೆಯಂತೆ ಸಮತಟ್ಟು. ಮಳೆ ಸುರಿಯುವುದಿಲ್ಲ, ಜರಡಿ ಹಿಡಿದ ಹಿಟ್ಟಿನಂತೆ ಇಳಿಯುತ್ತದೆ. ನಮ್ಮ ಕೂಡ್ಲಿಗಿಯ ಕಡೆ ಅಂತಹ ಮಳೆ ಒಂದು ದಿನ ಬಂದರೆ ಜನ ಅಂಗಳದಲ್ಲಿ ನಿಂತು ಮೈಯೊಡ್ಡುತ್ತಾರೆ. ಇಲ್ಲಿ ಹೆರಾಲ್ಡರ ಪತ್ನಿ ಡೊರೊತಿ ಬಾಗಿಲು ತೆರೆದವರೇ ಮಳೆಗಾಗಿ ನಮ್ಮ ಕ್ಷಮೆ ಕೇಳಿದರು. ಅಂಚೆಯವನೂ ಕೇಳಿದ, ಹಾಲಿನವನೂ ಕೇಳಿದ. ಅಷ್ಟು ಮಳೆಯನ್ನು ಇಟ್ಟುಕೊಂಡು ಅದಕ್ಕೆ ನಾಚಿಕೊಳ್ಳುವ ಜನರನ್ನು ಕಂಡಾಗ ನನಗೆ ಸಿಟ್ಟೇ ಬಂದಿತು.

ಅವರ ಬಾಗಿಲ ಪಕ್ಕದ ಗೋಡೆಗೆ ಒಂದು ಮಲ್ಲಿಗೆ ಬಳ್ಳಿ ಹಬ್ಬಿತ್ತು. ನಮ್ಮ ಜಾತಿಯದಲ್ಲ, ಎಸಳು ಸ್ವಲ್ಪ ಚೂಪು, ಆದರೆ ಮಲ್ಲಿಗೆಯೇ. ಯಾರು ನೆಟ್ಟರೆಂದು ಕೇಳಿದೆ. ಗೊತ್ತಿಲ್ಲ, ಮನೆ ಕೊಂಡಾಗಲೇ ಇತ್ತು ಎಂದರು. ಗೊಬ್ಬರ? ಹಾಕುವುದಿಲ್ಲ. ನೀರು? ಅವರು ಆಕಾಶವನ್ನು ತೋರಿಸಿದರು. ಕಳೆ ತೆಗೆಯುವುದು? ಆ ಪ್ರಶ್ನೆಯೇ ಅವರಿಗೆ ಅರ್ಥವಾಗಲಿಲ್ಲ. ನನ್ನ ತೋಟದಲ್ಲಿ ಮರಿಗಾಡಿ ನಿಂತಂದಿನಿಂದ ಕಳೆ ತೆಗೆಯುವ ಆಳು ಸಿಗದೆ, ಗರಿಕೆ ಮಲ್ಲಿಗೆಯ ಬುಡವನ್ನು ಕಟ್ಟಿಹಾಕಿ, ವರ್ಷಕ್ಕೊಂದು ಸಾಲು ಒಣಗುತ್ತಿತ್ತು. ಇನ್ನು ಸ್ವಲ್ಪ ಕಾಲ ಹೀಗೇ ಹೋದರೆ ಹಡಗಲಿಯಲ್ಲಿ ಹೂವಿಲ್ಲದ ತೋಟ ನನ್ನದೊಂದೇ ಆಗುತ್ತಿತ್ತು. ಈ ಬಳ್ಳಿಯೋ, ಯಾರ ಹಂಗೂ ಇಲ್ಲದೆ, ಕೊಯ್ಯುವವರೂ ಇಲ್ಲದೆ, ಮೆಟ್ಟಿಲ ಮೇಲೆಲ್ಲ ಹೂ ಚೆಲ್ಲಿಕೊಂಡು ನಿಂತಿತ್ತು. ಪೂಜೆಗೆ ಎರಡು ಹೂ ಬೇಕೆಂದೆ. ಡೊರೊತಿಯವರು ಕತ್ತರಿ ತಂದು, ಬಳ್ಳಿಗೂ ಒಮ್ಮೆ ಕ್ಷಮೆ ಕೇಳಿ, ಹಿಡಿತುಂಬ ಕೊಯ್ದುಕೊಟ್ಟರು.

ಮರುದಿನ ಬೆಳಗಿನ ಸ್ನಾನ ಒಂದು ಪ್ರಸಂಗವಾಯಿತು. ಮಹಡಿಯ ಮೇಲಿದ್ದ ಅವರ ಬಚ್ಚಲಿನ ನೆಲಕ್ಕೆ ಜಮಖಾನ ಹಾಸಿದ್ದರು. ಬಚ್ಚಲಿಗೆ ಜಮಖಾನವೇಕೆಂದು ನನಗೆ ಹೊಳೆಯಲಿಲ್ಲ. ಕುಳಿತುಕೊಳ್ಳಲು ಇರಬೇಕೆಂದುಕೊಂಡು ಅದರ ಮೇಲೆಯೇ ಕುಳಿತು, ಅಡುಗೆಮನೆಯಿಂದ ಕೇಳಿ ಪಡೆದ ಪಾತ್ರೆಯಲ್ಲಿ ನೀರು ತುಂಬಿ ತುಂಬಿ ತಲೆಯ ಮೇಲೆ ಸುರಿದುಕೊಂಡೆ, ಮಂತ್ರಸಹಿತವಾಗಿ. ಆ ನೀರೆಲ್ಲ ಕೆಳಗೆ ತಿಂಡಿಗೆ ಕುಳಿತಿದ್ದ ಹೆರಾಲ್ಡರ ತಟ್ಟೆಗೆ ಇಳಿದಿತ್ತು. ಆ ಮಹನೀಯರು ತಟ್ಟೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿಕೊಂಡು, ಆ ಛಾವಣಿಗೆ ಹೇಗೂ ಬಣ್ಣ ಹೊಡೆಯಬೇಕಾಗಿತ್ತು ಎಂದಷ್ಟೇ ಹೇಳಿದರು.

ಚನ್ನಬಸಪ್ಪ ಸುಮ್ಮನಿರಲಿಲ್ಲ. "ಏನ್ ಮಾವ, ಮೈಲಾರದಾಗ ಹೊಳಿಗೆ ಇಳದಂಗ ಇಳದ್ರೇನು? ಪಾಪ, ಹೆರಾಲ್ಡಪ್ಪಗ ಕುಂತಲ್ಲೇ ತೀರ್ಥ ಬಂತು ನೋಡ್ರಿ."

ಅವನು ಮಾತ್ರ ಹಿಂದಿನ ಸಂಜೆಯೇ ಡೊರೊತಿಯವರನ್ನು ಕರೆದು, ಇಲ್ಲಿ ಹೇಗೆ ಮೀಯುವುದು ಎಂದು ನಿಸ್ಸಂಕೋಚವಾಗಿ ಕೇಳಿ ತಿಳಿದುಕೊಂಡಿದ್ದ.

ಶೆಡ್ಡು

ಮನೆಯ ಹಿಂದೆ ಹೆರಾಲ್ಡರ ಶೆಡ್ಡು. ಒಳಗಿನ ಸಾಲನ್ನು ಕಂಡಕೂಡಲೇ ನಾನು ಹೊಸ್ತಿಲಲ್ಲಿ ಪಾದರಕ್ಷೆ ಬಿಟ್ಟೆ. ಅವರು ನನ್ನನ್ನು ನೋಡಿ, ಏನೂ ಕೇಳದೆ, ತಾವೂ ಬೂಟು ಕಳಚಿಟ್ಟು ಎಣ್ಣೆಯ ನೆಲದ ಮೇಲೆ ಕಾಲುಚೀಲದಲ್ಲಿ ನಡೆದು ಬಂದರು. ಗೋಡೆಯ ಮೇಲೆ ಪ್ರತಿಯೊಂದು ಪಾನಾ, ಸುತ್ತಿಗೆ, ಅರಗಳ ಹಿಂದೆ ಅದರದರ ಆಕಾರವನ್ನು ಬಣ್ಣದಲ್ಲಿ ಬರೆದಿದ್ದರು. ಒಂದು ಕಾಣೆಯಾದರೆ ಗೋಡೆಯೇ ಹೇಳುತ್ತದೆ. ನಮ್ಮಲ್ಲಿ ಪಾನಾ ಬೇಕಾದರೆ ಮೂರು ಮನೆ ತಿರುಗಿ, ಕೊನೆಗೆ ಕಲ್ಲಿನಿಂದ ನಟ್ಟು ಬಡಿಯುತ್ತೇವೆ.

ಅವರು ಒಂದು ಗಾಡಿಯ ಇಂಜಿನ್ನನ್ನು ಮುಚ್ಚುವ ಕಬ್ಬಿಣದ ಮುಸುಕಿನ ಮೇಲಿದ್ದ ಬಣ್ಣವನ್ನು ಉಗುರಗಲದ ಅಲಗಿನಿಂದ ಕೆರೆಯುತ್ತಿದ್ದರು. ಮೇಲೆ ಕೆಂಪು, ಅದರಡಿ ನೀಲಿ, ಅದರಡಿ ಬೂದು. ಕಾರ್ಖಾನೆ ಮೊದಲು ಬಳಿದ ಹಸಿರು ಕಾಣುವವರೆಗೂ ಹೀಗೇ ಇಳಿಯುತ್ತಾರಂತೆ. ಆ ಹಸಿರನ್ನು ಕಂಡೇ ಗಾಡಿಯ ವಯಸ್ಸನ್ನು ಹೇಳುತ್ತಾರೆ. ನಾನು ನನಗೆ ತಿಳಿದ ಇಂಗ್ಲಿಷಿನಲ್ಲಿ, ನಾವೂ ತಾಳೆಗರಿಯ ಗ್ರಂಥಗಳಲ್ಲಿ ಹೀಗೆಯೇ ಮಾಡುತ್ತೇವೆ, ನಕಲು ಮಾಡಿದವರು ಸೇರಿಸಿದ್ದನ್ನು ಒಂದೊಂದಾಗಿ ಕಳೆದು ಕವಿಯ ಮೂಲಪಾಠಕ್ಕೆ ಇಳಿಯುತ್ತೇವೆ ಎಂದೆ. ಹೆರಾಲ್ಡರು ಅಲಗನ್ನು ಕೆಳಗಿಟ್ಟು ನನ್ನ ಕೈ ಕುಲುಕಿದರು. ಆ ಪ್ರವಾಸದಲ್ಲಿ ನನ್ನ ಅತ್ಯಂತ ಸುಖದ ಕ್ಷಣ ಅದು.

ಅಷ್ಟರಲ್ಲಿ ಚನ್ನಬಸಪ್ಪ ಇನ್ನೊಂದು ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಅದರ ಮುಸುಕನ್ನು ಎತ್ತಿನ ಕೊರಳ ಗಂಗೆದೊಗಲಿನಂತೆ ನೇವರಿಸುತ್ತಿದ್ದ. ಹೆರಾಲ್ಡರು ಅದನ್ನು ಚಾಲೂ ಮಾಡಿದರು. ಅವನು ಕಿವಿಗೊಟ್ಟು ಕೇಳಿ, ತನ್ನ ನಾಲ್ಕು ಇಂಗ್ಲಿಷ್ ಮಾತುಗಳಲ್ಲಿ, ಹಿಂಡಿ ತಿಂದ ಎತ್ತು ಹೀಗೆಯೇ ಮೆಲುಕು ಹಾಕುತ್ತದೆ ಎಂದು ಹೇಳಿ, ತಾನೇ ಮೆಲುಕು ಹಾಕಿ ತೋರಿಸಿದ. ಹೆರಾಲ್ಡರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಡೊರೊತಿಯವರನ್ನು ಕರೆದು ಇನ್ನೊಮ್ಮೆ ಮಾಡಿಸಿದರು. ಮೂಲಪಾಠದ ಮಾತನ್ನು ಅವರು ಡೊರೊತಿಯವರಿಗೆ ಹೇಳಲಿಲ್ಲ.

ಆಮೇಲೆ ಒಂದು ಬಿಸ್ಕತ್ತಿನ ಡಬ್ಬಿ ತಂದು, ಎಣ್ಣೆಬಟ್ಟೆ ಬಿಚ್ಚಿ ಚಕ್ರವನ್ನು ತೋರಿಸಿದರು. ಅಂಚಿನ ಹಲ್ಲುಗಳಲ್ಲಿ ಒಂದೂ ಮುಕ್ಕಾಗಿರಲಿಲ್ಲ. ನಾವಿಬ್ಬರೂ ಒಮ್ಮೆಲೇ ಕೈ ಚಾಚಿದೆವು. ಅವರು ಯಾರ ಕೈಗೂ ಕೊಡದೆ ಅದನ್ನು ಮೇಜಿನ ಮೇಲಿಟ್ಟು ವಿಷಯ ಹೇಳಿದರು. ಕಾರ್ಖಾನೆಯವರು ನಡುವೆ ಚಕ್ರದ ದಪ್ಪವನ್ನು ಬದಲಿಸಿದ್ದರು. ಇದು ಹಳೆಯ ದಪ್ಪದ್ದು, ಹಳೆಯ ನಂಬರಿನ ಗಾಡಿಗಳಿಗೆ ಮಾತ್ರ ಕೂರುತ್ತದೆ. ಹಿಂದೆ ಯಾರೋ ಕೂರದ ಗಾಡಿಗೆ ಒಯ್ದು, ಅರದಿಂದ ತಿಕ್ಕಿ ಹಾಳುಮಾಡಿದ್ದರಿಂದ, ಗಾಡಿಗೆ ಜಡಿದ ತಗಡಿನ ಮೇಲಿನ ನಂಬರನ್ನು ಓದಿ ಖಚಿತ ಮಾಡಿಕೊಳ್ಳದೆ ಯಾರಿಗೂ ಬಿಡಿಭಾಗ ಕೊಡಬಾರದೆಂಬುದು ಕೂಟದ ನಿಯಮ. ಎರಡು ಗಾಡಿಗಳೂ ಹಳೆಯವಾಗಿದ್ದರೆ ಚೀಟಿ ಎತ್ತುವುದು. ನಿಮ್ಮ ನಂಬರುಗಳು ಎಷ್ಟು?

ಇದನ್ನು ಪತ್ರದಲ್ಲಿ ಬರೆಯುವ ಅಗತ್ಯ ಅವರಿಗೆ ತೋರಿರಲಿಲ್ಲ. ತನ್ನ ಗಾಡಿಯ ನಂಬರನ್ನು ತನ್ನ ಹೆಸರಿನಂತೆ ಅರಿಯದ ಮನುಷ್ಯ ಇರಬಹುದೆಂದು ಅವರಿಗೆ ಗೊತ್ತಿರಲಿಲ್ಲ.

ನಾನು ಧೈರ್ಯದಿಂದಲೇ ಇದ್ದೆ. ನನ್ನ ಗಾಡಿಯ ಹಿತ್ತಾಳೆಯ ತಗಡು ಬಂಗಾರದಂತೆ ಹೊಳೆಯುತ್ತದೆ, ಮನೆಗೆ ಫೋನು ಮಾಡಿದರೆ ಈಗಲೇ ಓದಿ ಹೇಳುತ್ತಾರೆ ಎಂದೆ. ಜೊತೆಗೆ, ನನ್ನ ಭಾವಮೈದುನನ ಗಾಡಿಯ ಪೀಠದ ಕೆಳಗೆ ಬೆಕ್ಕು ಮರಿ ಹಾಕಿದೆ, ಅಲ್ಲಿ ತಗಡು ಇದೆಯೋ ಇಲ್ಲವೋ ಶಿವನೇ ಬಲ್ಲ ಎಂದೂ ಸೇರಿಸಿದೆ, ಸ್ಪಷ್ಟವಾದ ಇಂಗ್ಲಿಷಿನಲ್ಲಿ.

"ಬೆಕ್ಕಿನ ಸುದ್ದಿ ಹೇಳಿದ್ರೇನ್ ಮಾವ?" ಚನ್ನಬಸಪ್ಪ ಕೇಳಿದ.

"ಹೇಳಿದೆ."

"ಚೊಲೋ ಆತು ಬಿಡ್ರಿ. ಮರಿ ಕಣ್ಣು ಬಿಟ್ಟಾವಂತ ಅದನ್ನೂ ಹೇಳ್ರಿ."

ದೂರವಾಣಿಯ ಬಳಿ

ಅಲ್ಲಿ ಮಧ್ಯಾಹ್ನದ ಚಹದ ಹೊತ್ತು; ನಮ್ಮಲ್ಲಿ ರಾತ್ರಿಯ ಊಟದ ಹೊತ್ತು. ಕೊಟ್ರಮ್ಮ ಫೋನು ಎತ್ತಿದಳು.

"ಉಂಡ್ರೋ ಇಲ್ಲೋ, ಅದನ್ನ ಹೇಳ್ರಿ ಮೊದ್ಲು."

"ಆಗೈತಿ. ಮರಿಗಾಡಿ ತಗಡಿನ ಮ್ಯಾಲಿನ ನಂಬರ ನೋಡಿ ಹೇಳು."

"ಸಮುದ್ರ ದಾಟಿ ಹೋಗಿ ಹಿತ್ತಲ ಗಾಡಿ ನಂಬರ ಕೇಳ್ತೀರಲ್ಲ! ಕರೆಂಟ್ ಬ್ಯಾರೆ ಹೋಗೈತಿ. ತಡೀರಿ, ಬ್ಯಾಟರಿ ತಗಂತೀನಿ."

ಅವಳ ಹೆಜ್ಜೆ ದೂರವಾಯಿತು. ಹೆರಾಲ್ಡರು ಪೆನ್ಸಿಲು ಹಿಡಿದು ನಿಂತಿದ್ದರು. ಸ್ವಲ್ಪ ಹೊತ್ತಿಗೆ ಅವಳ ಏದುಸಿರು ಕೇಳಿತು.

"ನಂಬರ ಇಲ್ಲ."

"ಇಲ್ಲಂದ್ರ ಹೆಂಗ? ತಗಡು ಐತಿಲ್ಲ?"

"ತಗಡು ಐತ್ರಿ. ಮಾರಿ ನೋಡ್ಕಬಹುದು, ಹಂಗ ಹೊಳಿತೈತಿ. ಅಕ್ಷರ ಒಂದೂ ಇಲ್ಲ. ಬೆರಳಾಡಿಸಿದ್ರ ನುಣ್ಣಗ ಐತಿ, ಕೂಸಿನ ಕೆನ್ನಿ ಇದ್ದಂಗ."

"ಮೊದ್ಲು ಇತ್ತಲ್ಲ?"

"ಇತ್ತು. ವರ್ಷಾ ಆಯುಧಪೂಜಿಗೆ ಹುಣಸಿಹಣ್ಣು, ಬೂದಿ ಹಚ್ಚಿ ಅಷ್ಟೊತ್ತು ತಿಕ್ಕತಿದ್ದೋರು ಯಾರು? ಸಾಕು ಏಳ್ರಿ, ನೀರು ಆರಿ ಹೋತು ಅಂದ್ರ ಕೇಳತಿದ್ರೇನು?"

ಹಿತ್ತಾಳೆಯನ್ನು ಹೊಳಪಿಸದೆ ಅದರ ಮೇಲೆ ವಿಭೂತಿ ಎಳೆಯುವುದು ನನಗೆ ಅಶುಚಿಯೆಂದು ತೋರುತ್ತಿತ್ತು. ದೇವರ ಪಾತ್ರೆಗಳನ್ನು ಬೆಳಗಿದಂತೆಯೇ ಅದನ್ನೂ ಬೆಳಗಿದ್ದೆ. ಇಷ್ಟು ವರ್ಷಗಳ ನನ್ನ ಭಕ್ತಿಯಲ್ಲಿ ಗಾಡಿಯ ಹೆಸರು, ಸಂಖ್ಯೆ, ಕುಲ, ಗೋತ್ರ ಎಲ್ಲವೂ ತೊಳೆದು ಹೋಗಿದ್ದವು.

ಚನ್ನಬಸಪ್ಪ ಹರಪನಹಳ್ಳಿಗೆ ಫೋನು ಮಾಡಿದ. ಅವನ ಹೆಂಡತಿ ಮೇವು ಸರಿಸಿ, ಬೆಕ್ಕನ್ನು ಗದರಿಸಿ, ಸೀಮೆಎಣ್ಣೆಯ ಚಿಂದಿಯಿಂದ ಒರೆಸಿದಳಂತೆ. ಅಂಗುಲ ದಪ್ಪದ ಗ್ರೀಸು, ಸಗಣಿ, ಹೊಟ್ಟುಗಳ ಅಡಿಯಲ್ಲಿ ತಗಡು ನಿನ್ನೆ ಅಚ್ಚೊತ್ತಿದಂತೆ ಇತ್ತು. ಅವಳು ಒಂದೊಂದೇ ಅಂಕಿ ಹೇಳಿದಳು, ಇವನು ಕೂಗಿದ, ಹೆರಾಲ್ಡರು ಬರೆದುಕೊಂಡರು. ಹಳೆಯ ನಂಬರೇ. ಚಕ್ರ ಕೂರುತ್ತದೆ.

ನಾನು ಸೋಲನ್ನು ಒಪ್ಪಲಿಲ್ಲ. ತರ್ಕಶಾಸ್ತ್ರವನ್ನು ಓದಿದವನು. ಎರಡೂ ಒಂದೇ ಕಾರ್ಖಾನೆಯಿಂದ ಒಂದೇ ಪೆಟ್ಟಿಗೆಯಲ್ಲಿ ಬಂದವು. ಒಂದು ಹಳೆಯದಾದುದರಿಂದ ಇನ್ನೊಂದೂ ಹಳೆಯದೇ ಎಂದು ಅನುಮಾನ ಪ್ರಮಾಣದಿಂದ ಸಾಧಿಸಿದೆ. ಹೆರಾಲ್ಡರು ಗೌರವದಿಂದ ಕೇಳಿದರು. ನಿಮ್ಮ ಮಾತು ನಿಜವೇ ಇರಬೇಕು ಎಂದರು. ಆದರೆ ನಿಯಮದಲ್ಲಿ ಓದಿ ಎಂದಿದೆ, ಊಹಿಸಿ ಎಂದಿಲ್ಲ ಎಂದೂ ಹೇಳಿ, ನನಗೆ ಇನ್ನೊಂದು ಬಟ್ಟಲು ಚಹ ಬಗ್ಗಿಸಿದರು. ಆ ದೇಶದಲ್ಲಿ ಇಲ್ಲ ಎನ್ನುವ ಮಾತನ್ನು ಚಹದ ಜೊತೆ ಕೊಡುತ್ತಾರೆ.

ಕೂಟದ ಬಯಲು

ಕೂಟ ನಡೆದದ್ದು ಒಂದು ಹುಲ್ಲುಗಾವಲಿನಲ್ಲಿ. ಮರಿಗಾಡಿಗಳು ಸಾಲಾಗಿ ನಿಂತಿದ್ದವು, ಪ್ರತಿಯೊಂದರ ಹಿಂದೆಯೂ ಮಡಿಸುವ ಕುರ್ಚಿಯಲ್ಲಿ ಒಬ್ಬೊಬ್ಬ ವೃದ್ಧ, ತೊಡೆಯ ಮೇಲೆ ಚಹದ ಫ್ಲಾಸ್ಕು. ಉಳುವವರು ಯಾರೂ ಇಲ್ಲ. ಇಂಜಿನ್ನು ಚಾಲೂ ಮಾಡುತ್ತಾರೆ, ಕೇಳುತ್ತಾರೆ, ತಲೆದೂಗುತ್ತಾರೆ, ನಿಲ್ಲಿಸುತ್ತಾರೆ. ಸಂಗೀತ ಕಛೇರಿಯ ಮುಂದಿನ ಸಾಲಿನಂತಿತ್ತು. ಒಬ್ಬರ ಗಾಡಿಯ ಒಂದು ಬೋಲ್ಟು ಬೇರೆ ಕಾಲದ್ದೆಂದು ಇನ್ನೊಬ್ಬರು ಎತ್ತಿ ಹೇಳಿದಾಗ ಆ ಮುದುಕರ ಮುಖ ಬಾಡಿದ್ದನ್ನು ಕಂಡೆ. ಗ್ರಂಥದಲ್ಲೊಂದು ಅಪಪಾಠ ತೋರಿಸಿದಾಗ ಪಂಡಿತರ ಮುಖವೂ ಹಾಗೆಯೇ ಬಾಡುತ್ತದೆ. ನನ್ನ ತೋಟದಲ್ಲಿ ದುಡಿಯಬೇಕಾದಂತಹ ಗಾಡಿಗಳು ಇಲ್ಲಿ ಇಷ್ಟೊಂದು, ಒಂದೂ ಮಣ್ಣು ಮುಟ್ಟದೆ, ಪಿಂಚಣಿ ಪಡೆದವರಂತೆ ಕುಳಿತಿದ್ದವು. ಒಂದೊಂದನ್ನೂ ದಾಟಿ ಹೋಗುವಾಗ ಒಣಗಿದ ಒಂದೊಂದು ಸಾಲು ಕಣ್ಣಿಗೆ ಬಂತು.

ಚನ್ನಬಸಪ್ಪ ಆ ಹೊತ್ತಿಗೆ ಎಲ್ಲರಿಗೂ ಬೇಕಾದವನಾಗಿದ್ದ. ಅವನನ್ನು ಹತ್ತಿಸಿಕೊಂಡು ಸುತ್ತು ಹಾಕಿಸಿದರು. ಅವನು ಪ್ರತಿ ಗಾಡಿಯಿಂದಲೂ ಇಳಿದು ಅದಕ್ಕೆ ಕೈ ಮುಗಿಯುತ್ತಿದ್ದ. ನಾನು ಜೀವಮಾನವಿಡೀ ಮಾಡಿದ ಪೂಜೆಗೆ ಸಿಗದ ಮೆಚ್ಚುಗೆ ಅವನ ಆ ಅರ್ಧ ನಮಸ್ಕಾರಕ್ಕೆ ಸಿಕ್ಕಿತು.

ಕೂಟದ ಅಧ್ಯಕ್ಷರು, ಬಿಳಿ ಮೀಸೆಯ ಒಬ್ಬ ಹಿರಿಯರು, ಡಬ್ಬಿಯನ್ನು ಎತ್ತಿ ಹಿಡಿದು ಚನ್ನಬಸಪ್ಪನ ಗಾಡಿಯ ನಂಬರನ್ನು ಓದಿ, ಚಕ್ರವನ್ನು ಅವನ ಕೈಗಿತ್ತರು. ಅವನು ಅದನ್ನು ಕಣ್ಣಿಗೊತ್ತಿಕೊಂಡು ನನ್ನತ್ತ ತಿರುಗಿದ.

"ಮಾವ, ನನ್ನ ಇಂಗ್ಲಿಷು ಇಲ್ಲಿಗೆ ಮುಗೀತು. ನಾ ಹೇಳಿದ್ದನ್ನ ನೀವ ಹೇಳ್ರಿ ಇವ್ರಿಗೆ."

"ಏನ್ ಹೇಳಬೇಕು?"

"ನಮ್ಮ ಗಾಡಿ ತಗಡು ಕಿತ್ತು ನಮ್ಮ ಮಾವನ ಗಾಡಿಗೆ ಜಡೀತೀನಿ ಅನ್ರಿ. ಅವಾಗ ನಂಬರ ಅವರದಾತು, ಚಕ್ರಾನೂ ಅವರದ."

ಹೇಳಿದೆ. ಒಬ್ಬರ ಕೈಯಲ್ಲಿದ್ದ ಚಹದ ಬಟ್ಟಲು ಬಾಯಿಯವರೆಗೆ ಹೋಗಿ ನಿಂತಿತು. ನಮ್ಮಲ್ಲಿ ಲಾರಿಯ ತಗಡನ್ನು ಕಾರಿಗೂ, ಒಬ್ಬರ ಮನೆಯ ಬಾಗಿಲನ್ನು ಇನ್ನೊಬ್ಬರ ಮನೆಗೂ ಹಾಕುವುದು ಉಂಟು. ಅದನ್ನು ನಾವು ಉಪಕಾರವೆನ್ನುತ್ತೇವೆ. ಇವರಿಗೆ ಅದು ಒಂದು ಕೂಸಿನ ಹೆಸರನ್ನು ಕಿತ್ತು ಇನ್ನೊಂದಕ್ಕೆ ಇಟ್ಟಂತೆ. ಅಧ್ಯಕ್ಷರು, ತಗಡು ಗಾಡಿಯ ಜನ್ಮ, ಅದನ್ನು ಎಂದಿಗೂ ಕದಲಿಸಬಾರದು ಎಂದು ಬಹಳ ಮೃದುವಾಗಿ ಬೇಡಿಕೊಂಡರು. ಕನ್ನಡಕ್ಕೆ ತಿರುಗಿಸಿ ಹೇಳಿದೆ.

"ಹೌದಾ? ಆತು, ಬ್ಯಾಡ. ಕೇಳ್ರಿ ಅವ್ರನ್ನ, ಈ ಚಕ್ರ ಈಗ ನಂದ ಹೌದೋ ಅಲ್ಲೋ?"

ಕೇಳಿದೆ. ಹೌದು, ನಿಮ್ಮದೇ ಎಂದರು.

"ನಂದಾದ್ರ ನಾ ಯಾರಿಗರ ಕೊಡಬಹುದಲ್ಲ? ನಾ ನಮ್ಮ ಮಾವಗ ಕೊಟ್ಟೆ. ಎರಡು ಗಾಡಿ ಒಂದ ಪೆಟ್ಟಿಗ್ಯಾಗ ಬಂದಾವು, ಕೂಡ್ರತೈತಿ. ನಮ್ಮ ಗಾಡ್ಯಾಗ ಬೆಕ್ಕು ಸಂಸಾರ ಮಾಡ್ಯಾವು, ಮಾವ ಹೇಳಿದ್ದು ಖರೇ ಐತಿ. ಅವರ ತ್ವಾಟದಾಗ ಮಲ್ಲಿಗಿ ಐತಿ. ಹೇಳ್ರಿ ಮಾವ, ಯಾಕ ನಿಂತ್ರಿ?"

ನನ್ನ ಭಾವಮೈದುನನ ಔದಾರ್ಯವನ್ನು ನನ್ನ ಬಾಯಿಂದಲೇ, ನನ್ನ ವ್ಯಾಕರಣಶುದ್ಧವಾದ ಇಂಗ್ಲಿಷಿನಲ್ಲಿ ಅಷ್ಟು ಜನರ ಮುಂದೆ ಸಾರಬೇಕಾಗಿತ್ತು. ಬೇಡ ಎಂದು ಹೇಳಬಹುದಾಗಿತ್ತು. ಬೇಡವೆಂದರೆ ಬರುವ ವರ್ಷ ಇನ್ನೊಂದು ಸಾಲು ಒಣಗುತ್ತದೆ. ಹೇಳಿದೆ, ಒಂದು ಪದವನ್ನೂ ಬಿಡಲಿಲ್ಲ, ಬೆಕ್ಕನ್ನೂ ಬಿಡಲಿಲ್ಲ. ಮುದುಕರೆಲ್ಲ ಕುರ್ಚಿಗಳಿಂದ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಡೊರೊತಿಯವರು ಕಣ್ಣೊರೆಸಿಕೊಂಡು ಚನ್ನಬಸಪ್ಪನ ಕೆನ್ನೆ ತಟ್ಟಿದರು. ನಾನು ಎರಡೂ ಕೈಗಳಲ್ಲಿ ಚಕ್ರವನ್ನು ತೆಗೆದುಕೊಂಡೆ. ಅದು ಅವನ ಕೈಯ ಬಿಸಿಗೆ ಬೆಚ್ಚಗಿತ್ತು.

ಅಲ್ಲಿಯವರೆಗೆ ನಾನು ಅವನ ಗಾಡಿಗೆ, ಅವನ ನಂಬರಿಗೆ, ಅವನ ನಿದ್ದೆಗೆ ಕರುಬಿದ್ದೆ. ಅವೆಲ್ಲ ಹಗುರವಾದ ಕರುಬುಗಳು. ಕೊಡುವುದೂ ಅವನಿಗೆ ಅಷ್ಟು ಸುಲಭವಾಗಿ ಬರುತ್ತದೆಂಬುದನ್ನು ಕಂಡ ಮೇಲೆ ಹುಟ್ಟಿದ್ದು ಬೇರೆಯೇ ಜಾತಿಯದು. ಆ ಸಂಜೆ ಪೂಜೆಗೆ ಕುಳಿತು ಲಿಂಗವನ್ನು ದಿಟ್ಟಿಸಿದೆ. ಬಹಳ ಹೊತ್ತು ದಿಟ್ಟಿಸಿದೆ. ಮನಸ್ಸು ನಿಲ್ಲಲಿಲ್ಲ.

ಮರಳಿ ತೋಟಕ್ಕೆ

ಚಕ್ರ ಕೂತಿತು. ನನ್ನ ಅನುಮಾನ ಪ್ರಮಾಣ ಸರಿಯಾಗಿತ್ತು. ನನ್ನ ಗಾಡಿಯೂ ಹಳೆಯ ನಂಬರಿನದೇ. ಅದನ್ನು ಹೆರಾಲ್ಡರಿಗೆ ಬರೆದು ತಿಳಿಸಿದೆ. ಅವರು ಸಂತೋಷದಿಂದ ಉತ್ತರಿಸಿ, ಚನ್ನಬಸಪ್ಪನವರಿಗೆ ತಮ್ಮ ಪ್ರೀತಿಯನ್ನು ತಿಳಿಸಬೇಕೆಂದು ಕೋರಿದ್ದರು.

ಗಾಡಿ ಮತ್ತೆ ಮಲ್ಲಿಗೆಯ ಸಾಲುಗಳಲ್ಲಿ ಹೋಗಿ ಬರುತ್ತಿದೆ. ಗರಿಕೆ ಹೋಯಿತು. ಒಣಗಿದ ಜಾಗಕ್ಕೆ ಹೊಸ ಬಳ್ಳಿ ಇಟ್ಟಿದ್ದೇವೆ. ಹೂ ಬಿಡಿಸಲು ಬರುವ ಹೆಂಗಸರು ಶಬ್ದ ಕೇಳಿದರೆ ಸಾಲು ಬಿಟ್ಟು ಪಕ್ಕಕ್ಕೆ ಸರಿಯುತ್ತ, "ಸರಿಯವ್ವಾ, ಚನ್ನಬಸಣ್ಣನ ಗಾಡಿ ಬಂತು" ಎನ್ನುತ್ತಾರೆ. ಕೊಟ್ರಮ್ಮ ತಿದ್ದುವುದಿಲ್ಲ. ತಮ್ಮ ಕೊಟ್ಟ ಚಕ್ರದ ಕಥೆಯನ್ನು ಊರಿಗೆಲ್ಲ ಹೇಳಿದವಳೇ ಅವಳು. ಇನ್ನು ಮೇಲೆ ತಗಡಿಗೆ ಹುಣಸೆಹಣ್ಣು ಹಚ್ಚಬೇಡಿರೆಂದು ನನಗೆ ತಾಕೀತು ಮಾಡಿದ್ದಾಳೆ, ಅಲ್ಲಿ ಅಳಿಸುವುದಕ್ಕೆ ಇನ್ನೇನೂ ಉಳಿದಿಲ್ಲದಿದ್ದರೂ.

ಬೆಳಿಗ್ಗೆ ಪೂಜೆ ಮುಗಿಸಿ ನಾನೇ ಗಾಡಿ ನಡೆಸುತ್ತೇನೆ. ಪೀಠದ ಕೆಳಗೆ ಆ ಚಕ್ರ ತಿರುಗುತ್ತಿರುತ್ತದೆ. ಒಂದು ಸಾಲಿನ ತುದಿಯಲ್ಲಿ ತಿರುಗಿಸುವಾಗ, ಇಂಜಿನ್ನಿನ ಸದ್ದು ತಗ್ಗಿದ ಕ್ಷಣದಲ್ಲಿ, ತಲೆ ಬಗ್ಗಿಸಿ ಕಿವಿಗೊಡುತ್ತೇನೆ. ಒಂದು ಸಲವಾದರೂ ಅದು ಕಿರುಗುಟ್ಟಲಿ ಎಂದು. ಶಿವನಾಣೆ, ಅದು ಒಂದು ದಿನವೂ ಕಿರುಗುಟ್ಟಿಲ್ಲ.